'ಆ ಬಸ್ತಿಯವರೇ ಹಾಗೆ' ಅನ್ನುವ ಮೊದಲು



ನಮ್ಮ ಗಾನವೃಂದದಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗಿ ಇದ್ದಳು. ಒಳ್ಳೆಯ ಕಂಠ. ದಸರಾ ಆದಮೇಲೆ ಅಭ್ಯಾಸಕ್ಕೆ ಬರುವುದು ನಿಲ್ಲಿಸಿದಳು. ಒಂದು ವಾರ ಕಾದೆವು, ಎರಡು ವಾರ ಕಾದೆವು, ಆಮೇಲೆ ನಾವೇ ಕಾರಣ ಕಂಡುಹಿಡಿದುಕೊಂಡೆವು. ಭಕ್ತಿ ಕಡಿಮೆಯಾಗಿದೆ ಎಂದು ಒಬ್ಬರು, ಮೊಬೈಲ್ ಹುಚ್ಚು ಎಂದು ಇನ್ನೊಬ್ಬರು. ಮತ್ತೊಬ್ಬ ಗೆಳೆಯ 'ಬಿಡ್ರಿ, ಆ ಬಸ್ತಿಯವರೇ ಹಾಗೆ' ಅಂದ. ನಾನು ಹಾಗೆ ಅನ್ನಲಿಲ್ಲ, ಆದರೆ ತಲೆ ಆಡಿಸಿದೆ. ಅದೇನು ಕಡಿಮೆ ತಪ್ಪಲ್ಲ.

ಕ್ರಿಸ್ಮಸ್ ಕಳೆದ ಮೇಲೆ ಅವಳ ತಾಯಿ ಸಂತೆಯಲ್ಲಿ ಸಿಕ್ಕರು. ಕೇಳಿದೆ. ಅವರು ಹೇಳಿದ್ದು ಇಷ್ಟು: ಅಭ್ಯಾಸ ಏಳು ಗಂಟೆಗೆ ಶುರು, ಮುಗಿಯುವಾಗ ಎಂಟೂವರೆ. ಮನೆಗೆ ಹೋಗುವ ದಾರಿಯಲ್ಲಿ ವೈನ್ಸ್ ಅಂಗಡಿ. ಅದನ್ನು ದಾಟಿದ ಮೇಲಿನ ಮೂರು ಕಂಬಗಳಲ್ಲಿ ಲೈಟಿಲ್ಲ. ಒಂದು ರಾತ್ರಿ ಯಾರೋ ಕೈ ಹಿಡಿದೆಳೆದಿದ್ದಾನೆ. ಓಡಿ ಬಂದಿದ್ದಾಳೆ. ಠಾಣೆಗೆ ಹೋಗಲಿಲ್ಲ, ಗುರುಗಳಿಗೂ ಹೇಳಲಿಲ್ಲ. 'ಹೇಳಿದ್ರೆ ಮಾತು ಹುಡುಗಿ ಮೇಲೇ ಬರ್ತದ. ನಿಮ್ಮ ಹಾಡಿಗಿಂತ ನನ್ನ ಮಗಳು ನನಗ ದೊಡ್ಡಾಕಿ, ತಮ್ಮಾ' ಅಂದರು.

ಇದು ನಾರಾಯಣಪೇಟೆಯೋ, ಮಕ್ತಲ್ಲೋ, ಗದ್ವಾಲೋ ಎಂದು ಹೇಳುವುದಿಲ್ಲ. ಊರು ಹೇಳಿದರೆ ಬಸ್ತಿ ಗೊತ್ತಾಗುತ್ತದೆ, ಬಸ್ತಿ ಗೊತ್ತಾದರೆ ಹುಡುಗಿ ಗೊತ್ತಾಗುತ್ತಾಳೆ. ಮೂರೂ ಊರಿನವರು ಇದು ನಮ್ಮದೇ ಊರು ಅಂದುಕೊಂಡರೆ ಅಡ್ಡಿಯಿಲ್ಲ.

ಆ ಮಾತು ಕೇಳಿದ ಮೇಲೆ ನನಗೆ ಧರ್ಮೋಪದೇಶಕಾಂಡದ 21ನೇ ಅಧ್ಯಾಯ ನೆನಪಾಯಿತು. ಬಲಿಪೂಜೆಯಲ್ಲಿ ಅಷ್ಟಾಗಿ ಕೇಳಿಬರುವ ವಾಚನವಲ್ಲ, ಅದಕ್ಕೇ ಹೇಳುತ್ತೇನೆ. ಊರಾಚೆ ಬಯಲಲ್ಲಿ ಒಂದು ಹೆಣ ಬಿದ್ದಿದೆ. ಕೊಂದವನು ಯಾರೆಂದು ಗೊತ್ತಿಲ್ಲ. ಈಗೇನು ಮಾಡಬೇಕು? ಹಿರಿಯರೂ ನ್ಯಾಯಾಧಿಪತಿಗಳೂ ಅಲ್ಲಿಗೆ ಹೋಗಿ, ಹೆಣದಿಂದ ಸುತ್ತಲಿನ ಒಂದೊಂದು ಊರಿಗೂ ಎಷ್ಟು ದೂರ ಎಂದು ಅಳೆಯಬೇಕು. ಯಾವ ಊರು ಹತ್ತಿರವೋ ಆ ಊರಿನ ಹಿರಿಯರು ಒಂದು ಕಡಸನ್ನು ಹರಿಯುವ ನೀರಿನ ತಗ್ಗಿಗೆ ಒಯ್ದು, ಅಲ್ಲಿ ಕೈ ತೊಳೆದುಕೊಂಡು, ಈ ರಕ್ತ ನಾವು ಸುರಿಸಿದ್ದಲ್ಲ ಎಂದು ದೇವರ ಮುಂದೆ ಹೇಳಬೇಕು. ಚಿಕ್ಕವನಿದ್ದಾಗ ಓದಿ ವಿಚಿತ್ರ ಅನಿಸಿತ್ತು. ಕೊಂದವನನ್ನು ಹುಡುಕುವುದು ಬಿಟ್ಟು ಹಗ್ಗ ಹಿಡಿದು ಅಳೆಯುವುದೇ?

ಯೆಹೂದ್ಯರ ಹಳೆಯ ಧರ್ಮಗುರುಗಳಿಗೂ ಇದೇ ಪ್ರಶ್ನೆ ಬಂದಿತ್ತು. ಊರ ಹಿರಿಯರೇ ಕೊಲೆಗಾರರು ಎಂದು ಯಾರಾದರೂ ಅಂದುಕೊಳ್ಳುತ್ತಾರೆಯೇ, ಮತ್ತೆ ಅವರೇಕೆ ಕೈ ತೊಳೆಯಬೇಕು ಎಂದು. ಮಿಷ್ನಾ ಎಂಬ ಅವರ ಗ್ರಂಥದಲ್ಲಿ ಉತ್ತರವಿದೆ: ಆ ಮನುಷ್ಯ ನಮ್ಮ ಊರಿಗೆ ಬಂದಾಗ ಅವನಿಗೆ ಊಟ ಕೊಡದೆ ಕಳಿಸಲಿಲ್ಲ, ದಾರಿಗೆ ಜೊತೆ ಕೊಡದೆ ಕಳಿಸಲಿಲ್ಲ ಎಂದು ಹೇಳುವುದಕ್ಕಾಗಿ. ದಾರಿಗೆ ಜೊತೆ! ನಾವು ಆ ಹುಡುಗಿಯನ್ನು ರಾತ್ರಿ ಎಂಟೂವರೆಗೆ ಗೇಟಿನಿಂದ ಒಬ್ಬಳನ್ನೇ ಕಳಿಸಿದ್ದೆವು.

ಹಿಂಸೆಗೆ ಒಂದು ವಿಳಾಸ ಇರುತ್ತದೆ. ಜಾಗ ಇರುತ್ತದೆ, ಗಂಟೆ ಇರುತ್ತದೆ, ವಾರದ ದಿನ ಇರುತ್ತದೆ. ನಾವು ಅದನ್ನು ಅಳೆಯುವುದಿಲ್ಲ. ಅದರ ಬದಲು ಜನರನ್ನು ಬಯ್ಯುತ್ತೇವೆ. ಅಳೆದರೆ ಹತ್ತಿರದ ಊರು ನಮ್ಮದೇ ಎಂದು ಬರುತ್ತದೆಂಬ ಭಯವೂ ಇರಬಹುದು.

ಸರ್ಕಾರ ಅಳೆಯುವುದಿಲ್ಲವೇ? ಅಳೆಯುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ತರುವ ವರದಿಯಲ್ಲಿ ರಾಜ್ಯಗಳ ಲೆಕ್ಕ ಇದೆ, ನಗರಗಳ ಲೆಕ್ಕವೂ ಇದೆ. ಆದರೆ ಮಹಾನಗರಗಳ ವಿವರವಾದ ಪಟ್ಟಿಗೆ ಸೇರಲು 20 ಲಕ್ಷಕ್ಕಿಂತ ಹೆಚ್ಚು ಜನ ಇರಬೇಕು. ಅಂಥ 19 ನಗರಗಳಲ್ಲಿ ಹೈದರಾಬಾದ್ ಇದೆ, ಬೆಂಗಳೂರು ಇದೆ. 2011ರ ಜನಗಣತಿಯಲ್ಲಿ 60 ಸಾವಿರ ದಾಟಿದ್ದ ಗದ್ವಾಲ್ ಪಟ್ಟಣವಾಗಲಿ, 40 ಸಾವಿರದ ನಾರಾಯಣಪೇಟೆಯಾಗಲಿ ಅಲ್ಲಿ ಎಲ್ಲಿ ಬರಬೇಕು? ಜೊತೆಗೆ ಒಂದೇ ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧ ಇದ್ದರೂ ಅವುಗಳಲ್ಲಿ ದೊಡ್ಡದೊಂದನ್ನೇ ಎಣಿಸುವುದು ಆ ಪಟ್ಟಿಯ ಪದ್ಧತಿ. ಎಫ್‌ಐಆರ್ ಆಗದ್ದರ ಮಾತಂತೂ ಇಲ್ಲವೇ ಇಲ್ಲ. ನಮ್ಮ ಹುಡುಗಿಯ ಕೈ ಹಿಡಿದೆಳೆದದ್ದು ಯಾವ ಪಟ್ಟಿಯಲ್ಲೂ ಇಲ್ಲ.

ಮನೆಯೊಳಗಿನ ಲೆಕ್ಕ ಇನ್ನೂ ಕಷ್ಟದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ದೇಶದಲ್ಲಿ ಶೇ 29.3. ತೆಲಂಗಾಣದಲ್ಲಿ ಶೇ 36.9. ನದಿಯಾಚೆ ಕರ್ನಾಟಕದಲ್ಲಿ ಶೇ 44.4. ನಾವು ಗಡಿಯವರು, ಎರಡೂ ನಮಗೆ ಸೇರಿದವು. ಹಿಂಸೆ ಅನುಭವಿಸಿದವರಲ್ಲಿ ಸಹಾಯ ಕೇಳಿದವರು ಬರೀ ಶೇ 14. ಭಾನುವಾರ ಬಲಿಪೂಜೆಯಲ್ಲಿ ಹೆಂಗಸರ ಸಾಲನ್ನು ನೋಡುವಾಗ ಈ ಅಂಕಿ ತಲೆಯಿಂದ ಹೋಗುವುದಿಲ್ಲ. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ. 15 ವರ್ಷ ದಾಟಿದ ಗಂಡಸರಲ್ಲಿ ಮದ್ಯ ಕುಡಿಯುವವರು ತೆಲಂಗಾಣದಲ್ಲಿ ಶೇ 43.3. ದೇಶದಲ್ಲಿ ನಮಗಿಂತ ಮುಂದಿರುವುದು ಅರುಣಾಚಲ ಪ್ರದೇಶ. ಗಂಡ ಪದೇಪದೇ ಕುಡಿದು ಅಮಲೇರುವ ಮನೆಗಳಲ್ಲಿ ಹಿಂಸೆ ಅನುಭವಿಸಿದ ಹೆಂಗಸರು ಶೇ 70ರ ಹತ್ತಿರ. ಕುಡಿಯದ ಗಂಡಂದಿರ ಮನೆಗಳಲ್ಲಿ ಇದು ಶೇ 23ರಷ್ಟು. ಕುಡಿಯದವರೂ ಹೊಡೆಯುತ್ತಾರೆ ಅನ್ನುವುದನ್ನು ಈ ಕೊನೆಯ ಅಂಕಿಯಿಂದ ಗಮನಿಸಿ. ಬಾಟಲಿಯ ಮೇಲೆ ಎಲ್ಲ ಹಾಕಿ ಗಂಡಸರು ಪಾರಾಗುವಂತಿಲ್ಲ. ಆದರೂ ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಕಣ್ಣು ಮುಚ್ಚಲಾಗದು.

ಈಗ ನಮ್ಮ ಊರುಗಳ ನಕ್ಷೆಯನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ವೈನ್ಸ್ ಎಲ್ಲಿದೆ? ಅದರ ಪರ್ಮಿಟ್ ರೂಮ್ ಎಲ್ಲಿ ತೆರೆದುಕೊಳ್ಳುತ್ತದೆ? ಲೈಸೆನ್ಸ್ ಇಲ್ಲದ ಬೆಲ್ಟ್ ಶಾಪ್ ಯಾವ ಕಿರಾಣಿ ಅಂಗಡಿಯ ಹಿಂದೆ? ರಾಜ್ಯದಲ್ಲಿ ಲೈಸೆನ್ಸ್ ಪಡೆದ ಅಂಗಡಿಗಳು 2,620. 2023ರಲ್ಲಿ ಅವುಗಳ ಲಾಟರಿಗೆ ಬಂದ ಅರ್ಜಿಗಳ ಶುಲ್ಕದಿಂದಲೇ ಸರ್ಕಾರಕ್ಕೆ 2,600 ಕೋಟಿ ರೂಪಾಯಿಗೂ ಮೇಲೆ ಬಂತು. ಅಂಗಡಿ ಸಿಗಲಿ ಬಿಡಲಿ ಆ ಹಣ ವಾಪಸ್ ಇಲ್ಲ. ಅಷ್ಟು ಹಣ ಸುರಿದು ಅಂಗಡಿ ಹಿಡಿದವನು ಸುಮ್ಮನೆ ಕೂಡುತ್ತಾನೆಯೇ, ಬೆಲ್ಟ್ ಶಾಪುಗಳಿಗೆ ಮಾಲು ಕಳಿಸದೆ?

ಸೇಂದಿಯ ಕತೆ ಬೇರೆ. ನದಿಯ ಆ ಕಡೆ ರಾಯಚೂರಿನಲ್ಲಿ 'ಸಿ.ಎಚ್. ಪೌಡರ್ ಸೇಂದಿ' ಅಂದರೆ ಮಕ್ಕಳಿಗೂ ಗೊತ್ತು. ಸಿ.ಎಚ್. ಅಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ಈಚಲು ಮರದ ಹೆಸರು ಮಾತ್ರ, ಒಳಗಿರುವುದು ಪುಡಿ ಕಲಸಿದ ನೀರು. ಈ ಕಡೆ ಡಯಾಜೆಪಾಂ, ಆಲ್‌ಪ್ರಜೋಲಾಂ ಗುಳಿಗೆಗಳನ್ನೂ ಕಲಸುತ್ತಾರೆ. 2015ರ ಸೆಪ್ಟೆಂಬರಿನಲ್ಲಿ ಅಬಕಾರಿಯವರು ಕಲಬೆರಕೆ ಸೇಂದಿಯ ಮೇಲೆ ಒಮ್ಮೆಲೇ ದಾಳಿ ಮಾಡಿದಾಗ ಏನಾಯಿತು ಎಂಬುದು ಹಿರಿಯರಿಗೆ ನೆನಪಿರಬೇಕು. ಆಗ ನಾವೆಲ್ಲ ಇನ್ನೂ ಮಹಬೂಬ್‌ನಗರ ಜಿಲ್ಲೆಯವರು. ಆ ಜಿಲ್ಲೆಯಲ್ಲೂ ನಿಜಾಮಾಬಾದಿನಲ್ಲೂ ಜನ ಕೈಕಾಲು ನಡುಗಿ, ಫಿಟ್ಸ್ ಬಂದು, ಹುಚ್ಚರಂತೆ ಆಡುತ್ತ ಆಸ್ಪತ್ರೆ ಸೇರಿದರು. ಅಂಗಡಿ ಮುಚ್ಚಿದರೆ ಸಾಕು ಅನ್ನುವವರು ಇದನ್ನು ಮರೆಯಬಾರದು. ಚಟ ಹತ್ತಿದ ದೇಹಕ್ಕೆ ಔಷಧ ಬೇಕು, ವೈದ್ಯರು ಬೇಕು, ನೋಡಿಕೊಳ್ಳುವ ಕೈ ಬೇಕು. ಪಾಪನಿವೇದನೆ ಮಾಡಿ ಬಂದವನ ಕೈ ಮರುದಿನ ಬೆಳಿಗ್ಗೆ ನಡುಗಿದರೆ ಅದು ಪಶ್ಚಾತ್ತಾಪದ ಕೊರತೆಯಲ್ಲ.

ಮದ್ಯ ಒಂದು ಚುಕ್ಕೆ ಅಷ್ಟೆ. ನಕ್ಷೆಯಲ್ಲಿ ಬೇರೆಯವೂ ಇವೆ. ಪಾಲಮೂರು ಕೂಲಿ ಅಂದರೆ ದೇಶಕ್ಕೇ ಗೊತ್ತು. ಅಣೆಕಟ್ಟು, ಕಾಲುವೆ, ಮುಂಬೈ ಪುಣೆಯ ಕಟ್ಟಡಗಳು, ಎಲ್ಲದರಲ್ಲೂ ನಮ್ಮವರ ಬೆವರಿದೆ. ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದುಕೊಂಡು ಗುಳೆ ಹೋದರೆ ಓಣಿಯ ಅರ್ಧ ಮನೆಗಳಿಗೆ ತಿಂಗಳುಗಟ್ಟಲೆ ಬೀಗ. ಉಳಿದವರು ಅಜ್ಜ, ಅಜ್ಜಿ, ಮಕ್ಕಳು. ಹಿಂದೆ ಹುಡುಗರು ಮೂಲೆಯಲ್ಲಿ ನಿಂತು ಬೀಡಿ ಹಚ್ಚಿದರೆ 'ಏ, ಯಾರ ಮಗ ನೀನು' ಎಂದು ಗದರಿಸುವ ಮಾಮ ಒಬ್ಬನಿದ್ದ. ಈಗ ಆ ಮಾಮ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದಾನೆ.

ಇದು ಬರೀ ನನ್ನ ಊಹೆ ಅಂದುಕೊಳ್ಳಬೇಡಿ. ಅಮೆರಿಕದ ಷಿಕಾಗೊದಲ್ಲಿ ರಾಬರ್ಟ್ ಸ್ಯಾಂಪ್ಸನ್ ಎಂಬ ಸಮಾಜಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು 343 ಬಡಾವಣೆಗಳ 8,782 ಜನರನ್ನು ಮಾತಾಡಿಸಿ 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೇಳಿದ ಪ್ರಶ್ನೆಗಳು ಬಹಳ ಸರಳ: ಮಕ್ಕಳು ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ನೆರೆಯವರು ಕೇಳುತ್ತಾರೆಯೇ? ಮನೆಮುಂದೆ ಹೊಡೆದಾಟವಾದರೆ ನಡುವೆ ಬರುತ್ತಾರೆಯೇ? ಒಬ್ಬರನ್ನೊಬ್ಬರು ನಂಬುತ್ತೀರಾ? ಹೌದು ಎಂಬ ಉತ್ತರ ಹೆಚ್ಚಿದ್ದಲ್ಲಿ ಹಿಂಸೆ ಕಡಿಮೆ ಇತ್ತು, ಬಡತನವನ್ನು ಲೆಕ್ಕಕ್ಕೆ ಹಿಡಿದ ಮೇಲೂ. ಆದರೆ ಬಡತನ ಒಂದೇ ಕಡೆ ಗುಡ್ಡೆಬಿದ್ದಲ್ಲಿ, ಜನ ಮನೆ ಬಿಟ್ಟು ಬಂದು ಹೋಗುತ್ತಿರುವಲ್ಲಿ ಆ ನಂಬಿಕೆ ಬೇರೂರುವುದೇ ಕಷ್ಟ ಎಂದೂ ಅವರು ಕಂಡರು. ಗುಳೆಯ ಬಗ್ಗೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಡೀ ಗದ್ವಾಲ್ ಜಿಲ್ಲೆಯಲ್ಲಿ 2011ರಲ್ಲಿ ಓದುಬರಹ ಬಲ್ಲವರು ಅರ್ಧಕ್ಕಿಂತ ಕಡಿಮೆ. ಇದನ್ನೆಲ್ಲ ಪಕ್ಕಕ್ಕಿಟ್ಟು 'ಆ ಬಸ್ತಿಯವರೇ ಹಾಗೆ' ಎಂದರೆ ಅದು ಸುಳ್ಳು ಸಾಕ್ಷಿ.

ಅಳೆದು ಗೆದ್ದವರೂ ಇದ್ದಾರೆ. ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ ಜೊನಾಥನ್ ಶೆಪರ್ಡ್ ಎಂಬ ಮುಖದ ಶಸ್ತ್ರಚಿಕಿತ್ಸಕರು ಒಂದು ಸಂಗತಿ ಗಮನಿಸಿದರು. ದವಡೆ ಮುರಿಸಿಕೊಂಡು, ಗಾಜಿನಿಂದ ಮುಖ ಕೊಯ್ಸಿಕೊಂಡು ತಮ್ಮ ಹತ್ತಿರ ಬರುವವರಲ್ಲಿ ಬಹಳಷ್ಟು ಜನ ಪೊಲೀಸ್ ದಾಖಲೆಯಲ್ಲೇ ಇಲ್ಲ. ಆಗ ಆಸ್ಪತ್ರೆಯಲ್ಲಿ ಚೀಟಿ ಬರೆಯುವವರೇ ಎಲ್ಲಿ ಆಯಿತು, ಎಷ್ಟು ಗಂಟೆಗೆ, ಯಾವುದರಿಂದ ಎಂದು ಕೇಳಿ ಬರೆದುಕೊಳ್ಳುವ ಪದ್ಧತಿ ಮಾಡಿದರು. ಹೆಸರು ತೆಗೆದುಹಾಕಿ ಆ ಪಟ್ಟಿಯನ್ನು ನಗರಸಭೆಗೂ ಪೊಲೀಸರಿಗೂ ಕೊಟ್ಟರು. ಯಾವ ಬೀದಿಯ ಯಾವ ಬಾರಿನ ಮುಂದೆ ಯಾವ ಹೊತ್ತಿಗೆ ಎಂದು ಗೊತ್ತಾದ ಮೇಲೆ ಕಾವಲು ಅಲ್ಲಿಗೆ ಹೋಯಿತು. ಅದೇ ತರಹದ ಬೇರೆ ನಗರಗಳಿಗೆ ಹೋಲಿಸಿದರೆ ಹಲ್ಲೆಯಿಂದ ಆಸ್ಪತ್ರೆ ಸೇರುವವರು ಅಲ್ಲಿ ಬಹಳ ಕಡಿಮೆಯಾದರೆಂದು 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿತು. ಕೊಲಂಬಿಯಾದ ಕಾಲಿ ನಗರದ ಮೇಯರ್ ರೊಡ್ರಿಗೊ ಗೆರೆರೊ ಕೂಡ ವೈದ್ಯರೇ. 1992ರಲ್ಲಿ ಅಧಿಕಾರಕ್ಕೆ ಬಂದವರು ಕೊಲೆಗಳನ್ನು ರೋಗದಂತೆ ಎಣಿಸಿದರು. ವಾರದ ಕೊನೆ, ಸಂಬಳದ ದಿನ, ಮದ್ಯ, ಬಂದೂಕು ಎಂಬ ನಾಲ್ಕು ಒಟ್ಟಿಗೆ ಬಂದವು. ಆ ದಿನಗಳಲ್ಲಿ ಮದ್ಯದ ಹೊತ್ತು ಕಡಿಮೆ ಮಾಡಿದರು, ಬಂದೂಕು ಒಯ್ಯುವುದಕ್ಕೆ ತಡೆ ಹಾಕಿದರು. ನಮ್ಮಲ್ಲಿ ಬಂದೂಕಿಲ್ಲ, ದೇವರ ದಯೆ. ಬಟವಾಡೆಯ ದಿನ ಮಾತ್ರ ನಮ್ಮಲ್ಲೂ ಇದೆ, ಅವತ್ತಿನ ರಾತ್ರಿ ಹೇಗಿರುತ್ತದೆಂದು ನಿಮ್ಮ ಅಮ್ಮನನ್ನು ಕೇಳಿ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕೃಷ್ಣಾ ಸ್ಟೇಷನ್ನಿನಿಂದ ರೈಲು ಹತ್ತಿ ಸೇತುವೆ ದಾಟಿದರೆ ರಾಯಚೂರು ಜಿಲ್ಲೆ. ಅಲ್ಲಿಯ ಹಳ್ಳಿಗಳ ಹೆಂಗಸರು ಮದ್ಯ ನಿಷೇಧ ಆಂದೋಲನದ ಮುಂದಾಳುಗಳು. 2019ರ ಜನವರಿಯಲ್ಲಿ ಕರ್ನಾಟಕದ ಬೇರೆಬೇರೆ ಜಿಲ್ಲೆಗಳ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದರು. ಅವರು ಮೊದಲು ಮಾಡಿದ್ದು ಅಳತೆಯನ್ನೇ ಎಂದು ನಾನು ತಿಳಿದಿದ್ದೇನೆ. ಯಾವ ಹಳ್ಳಿಯ ಯಾವ ಅಂಗಡಿಯಲ್ಲಿ ಕದ್ದು ಮಾರುತ್ತಾರೆ ಎಂಬುದನ್ನು ಅಬಕಾರಿ ಇಲಾಖೆಗಿಂತ ಚೆನ್ನಾಗಿ ಬಲ್ಲವರು ಆ ಹೆಂಗಸರೇ. ಮಹಾರಾಷ್ಟ್ರದಲ್ಲಂತೂ ಊರ ಹೆಂಗಸರು ಮತ ಹಾಕಿ ಮದ್ಯದಂಗಡಿ ಮುಚ್ಚಿಸುವ ನಿಯಮವೇ ಇದೆ. ಮತಪತ್ರದಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿ ಎಂಬ ಎರಡು ಚಿತ್ರ. ಮಲಗಿದ್ದಕ್ಕೆ ಸಾಕಷ್ಟು ಮತ ಬಿದ್ದರೆ ಅಂಗಡಿ ಬಂದ್.

ಆದರೆ ನಕ್ಷೆಗೂ ಪಾಪ ಅಂಟುತ್ತದೆ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದು ಇಡೀ ಇಡೀ ಸಮುದಾಯಗಳನ್ನು ಹುಟ್ಟುಕಳ್ಳರೆಂದು ಬರೆದುಹಾಕಿದರು. ಕರಾವಳಿ ಆಂಧ್ರದ ಸ್ಟುವರ್ಟ್‌ಪುರಂ ಅಂಥವರನ್ನು ಕೂಡಿಹಾಕಿದ ವಸಾಹತು. ಯೆರುಕಲ ಜನರನ್ನು ಅಲ್ಲಿಟ್ಟು ಹಾಜರಿ ತೆಗೆದುಕೊಂಡು ನಡೆಸಿದವರು ಯಾರು ಗೊತ್ತೆ? ಸಾಲ್ವೇಶನ್ ಆರ್ಮಿ, ಒಂದು ಕ್ರೈಸ್ತ ಸಂಸ್ಥೆ. ಒಳ್ಳೆಯದು ಮಾಡುತ್ತಿದ್ದೇವೆ ಎಂದೇ ಮಾಡಿದರು. ಶಾಲೆ ತೆರೆದರು, ಭೂಮಿ ಕೊಡಿಸಿದರು. ಕಾಯಿದೆ 1952ರಲ್ಲಿ ರದ್ದಾಯಿತು, ಆದರೆ ಆ ಊರಿನ ಹೆಸರಿಗೆ 'ಕಳ್ಳರ ಊರು' ಎಂಬ ಕಳಂಕ ಹತ್ತಿದ್ದು ಸಿನಿಮಾಗಳವರೆಗೂ ಬಂದಿದೆ. ಇಂದಿಗೂ ರಾತ್ರಿ ಪೊಲೀಸರು ಕಾರ್ಡನ್ ಸರ್ಚ್ ಮಾಡಬೇಕೆಂದರೆ ಸುತ್ತುವರಿಯುವುದು ಬಡವರ ಬಸ್ತಿಯನ್ನು. ಮೋಟಾರ್ ಬೈಕಿನ ಕಾಗದ ದೊಡ್ಡವರ ಕಾಲೋನಿಯಲ್ಲೂ ಇಲ್ಲದಿರಬಹುದು, ಅಲ್ಲಿ ಯಾರೂ ಕೇಳುವುದಿಲ್ಲ.

ಆದ್ದರಿಂದ ನಮ್ಮ ಯುವಜನ ಸಭೆಗೆ ನನ್ನ ಸಲಹೆ ಒಂದು ನಕ್ಷೆ, ಆದರೆ ಎಚ್ಚರದ ನಕ್ಷೆ. ಮೂರೂ ಊರಿನವರು ನಮ್ಮ ನಮ್ಮ ವಾರ್ಡಿನದು ಮಾಡೋಣ. ಉರಿಯದ ಕಂಬ, ವೈನ್ಸ್, ಬೆಲ್ಟ್ ಶಾಪ್ ಇರುವ ಓಣಿ, ಸಾರ್ವಜನಿಕ ಶೌಚಾಲಯಕ್ಕೆ ಹೋಗುವ ದಾರಿ, ನಲ್ಲಿಯ ಹತ್ತಿರ ಜಗಳವಾಗುವ ಹೊತ್ತು, ಬಸ್ ಸ್ಟ್ಯಾಂಡಿನ ಹಿಂದಿನ ಖಾಲಿ ಜಾಗ, ಗುಳೆ ಹೋದವರ ಬೀಗದ ಮನೆಗಳು ಸಾಲಾಗಿರುವ ಕಡೆ, ಹಾಸ್ಟೆಲ್‌ನಿಂದ ಶಾಲೆಗೆ ಮಕ್ಕಳು ನಡೆಯುವ ರಸ್ತೆ. ಯಾವ ಮನೆಯಲ್ಲಿ ಯಾರು ಹೊಡೆಯುತ್ತಾರೆ, ಯಾರು ಹೊಡೆಸಿಕೊಳ್ಳುತ್ತಾರೆ ಎಂದು ಒಂದಕ್ಷರವೂ ಬೇಡ. ಜಾತಿ ಬೇಡ, ಹೆಸರು ಬೇಡ, ಫೋಟೊ ಬೇಡ. ಅದನ್ನು ವಾಟ್ಸಾಪ್‌ಗೆ ಹಾಕುವುದಂತೂ ಬೇಡವೇ ಬೇಡ. ಹೊಡೆತ ತಿಂದ ಅಕ್ಕನ ಮನೆಯ ಮೇಲೆ ಚುಕ್ಕೆ ಇಟ್ಟರೆ ಅವಳಿಗೆ ಮತ್ತೊಂದು ಹೊಡೆತ. ಅವಳಿಗೆ ಬೇಕಾದದ್ದು 181 ಎಂಬ ನಂಬರ್, ಜಿಲ್ಲಾ ಕೇಂದ್ರದಲ್ಲಿರುವ ಸಖಿ ಕೇಂದ್ರಕ್ಕೆ ಜೊತೆಗೆ ಹೋಗುವ ಒಬ್ಬ ಸಿಸ್ಟರ್ ಅಥವಾ ಅತ್ತೆ. ಮಕ್ಕಳ ವಿಷಯವಾದರೆ 1098. ಈ ಎರಡು ನಂಬರನ್ನು ದೇವಾಲಯದ ಸೂಚನಾ ಫಲಕಕ್ಕೆ ಹಚ್ಚಲು ಯಾರ ಅಪ್ಪಣೆ ಬೇಕು?

ನಕ್ಷೆ ಮಾಡುವಾಗ ಬಸ್ತಿಯವರೇ ಪೆನ್ನು ಹಿಡಿಯಬೇಕು. ನಾವು ಪುಸ್ತಕ ಹಿಡಿದು ಹೋಗಿ ಅವರನ್ನು ಎಣಿಸಿದರೆ ಸ್ಟುವರ್ಟ್‌ಪುರಂ ಮತ್ತೆ ಶುರು. ಮತ್ತು ನಮ್ಮ ದೇವಾಲಯವನ್ನೂ ನಕ್ಷೆಯಲ್ಲಿ ಗುರುತಿಸಬೇಕು. ನಮ್ಮ ಗೇಟಿನ ಲೈಟು ಎಷ್ಟು ಗಂಟೆಗೆ ಆರಿಸುತ್ತೇವೆ, ನಮ್ಮ ಹಬ್ಬದ ರಾತ್ರಿ ಹಿಂದಿನ ಮೈದಾನದಲ್ಲಿ ಬಾಟಲಿ ಎಷ್ಟು ಬಿದ್ದಿರುತ್ತವೆ, ಅದೂ ಬರಬೇಕು. ಆದಿಕಾಂಡದಲ್ಲಿ ಹೇಬೆಲ ಸತ್ತ ಮೇಲೆ ದೇವರು ಕಾಯಿನನಿಗೆ ಮೊದಲು ಕೇಳಿದ್ದು ತಮ್ಮ ಎಲ್ಲಿದ್ದಾನೆ ಎಂದು. ಏಕೆ ಕೊಂದೆ ಎಂದಲ್ಲ. ಎಲ್ಲಿ.

ಕೆಲವರು ಹೇಳುವುದು ಗೊತ್ತು. ಇದು ಮುನ್ಸಿಪಾಲಿಟಿ ಕೆಲಸ, ಪೊಲೀಸರ ಕೆಲಸ, ಯುವಜನರು ಜಪಸರ ಹೇಳಿ ಹಾಡು ಹಾಡಿಕೊಂಡಿದ್ದರೆ ಸಾಕು. ಜೆರಿಕೊ ದಾರಿಯಲ್ಲಿ ಪಕ್ಕಕ್ಕೆ ಸರಿದು ಹೋದ ಇಬ್ಬರಿಗೂ ಬಹುಶಃ ದೇವಾಲಯದ ಕೆಲಸವೇ ಇತ್ತು.

ಸದ್ಯಕ್ಕೆ ಆಗಿರುವುದು ಸಣ್ಣದು. ಗಾನವೃಂದದ ಅಭ್ಯಾಸವನ್ನು ಭಾನುವಾರ ಮಧ್ಯಾಹ್ನ ಮೂರಕ್ಕೆ ಇಟ್ಟಿದ್ದೇವೆ. ಗಂಡುಹುಡುಗರಿಗೆ ಕ್ರಿಕೆಟ್ ತಪ್ಪುತ್ತದೆಂದು ಸಿಟ್ಟು, ಇರಲಿ. ಆ ಹುಡುಗಿ ಎರಡು ವಾರದಿಂದ ಬರುತ್ತಿದ್ದಾಳೆ, ಜೊತೆಗೆ ಅದೇ ಓಣಿಯ ಇನ್ನೂ ಇಬ್ಬರು. ಅವರೂ ಹಾಡುತ್ತಾರೆಂದು ನಮಗೆ ಗೊತ್ತೇ ಇರಲಿಲ್ಲ. ಮೂರು ಕಂಬಗಳ ಬಗ್ಗೆ ವಾರ್ಡ್ ಕೌನ್ಸಿಲರ್‌ಗೆ ಆ ಓಣಿಯ ಹನ್ನೊಂದು ಹೆಂಗಸರ ಸಹಿಯ ಅರ್ಜಿ ಕೊಟ್ಟಿದ್ದೇವೆ. ಒಂದು ಕಂಬಕ್ಕೆ ಬಲ್ಬ್ ಬಂದಿದೆ. ಎರಡು ಬಾಕಿ ಇವೆ.